ರನ್ ಅಂದ್ರೇನು?

ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ‘ರನ್’ ಅಂದ್ರೆ ಓಡು. ಇಂಜಿನಿಯರಿಂಗ್ ಸೇರಿದ ಮೇಲೆ ಪ್ರೋಗ್ರಾಮ್ ಕೂಡ ರನ್ ಆಗುತ್ತೆ ಅಂತ ಗೊತ್ತಾಯ್ತು. ಇಷ್ಟು ಸಾಕು ಅಂದುಕೊಂಡು ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದೆ.

ಮೂರನೇ ತಿಂಗಳು. ಹಳೆಯ ದಾಖಲೆಗಳನ್ನು ಅಳಿಸೋ ಸ್ಕ್ರಿಪ್ಟ್ ಬರೆದಿದ್ದೆ. ‘ರನ್ ಇಟ್ ಬೈ ಮಿ ಫಸ್ಟ್’ ಅಂತ ಮ್ಯಾನೇಜರ್ ಚಾಟ್ ಮಾಡಿದರು. ಮೊದಲು ನನಗೆ ತೋರಿಸು ಅಂತ ಅದರರ್ಥ. ನನಗೆ ಕಂಡಿದ್ದು ‘ರನ್’ ಒಂದೇ. ರನ್ ಮಾಡೇಬಿಟ್ಟೆ! ಸ್ಕ್ರಿಪ್ಟಿನ ತಪ್ಪಿನಿಂದ ಹೊಸ ದಾಖಲೆಗಳೂ ಹೋದವು. ಬ್ಯಾಕಪ್‌ನಿಂದ ಎಲ್ಲ ವಾಪಸ್ ತರುವಷ್ಟರಲ್ಲಿ ಬೆಳಗಿನ ಜಾವ. ಕೆಲಸ ಉಳೀತು, ಮೀಟಿಂಗಲ್ಲಿ ಬಾಯಿ ಬಿಡೋ ಧೈರ್ಯ ಹೋಯ್ತು.

ಭಾನುವಾರ ಅಪ್ಪನ ಹತ್ರ ಹೇಳ್ಕೊಂಡೆ. ಪೀಣ್ಯದಲ್ಲಿ ಲೇತ್ ಆಪರೇಟರ್ ಅವರು. ‘ನಮ್ಮಲ್ಲಿ ರನ್‌ಔಟ್ ಅಂದ್ರೆ ಚಕ್ಕಿನಲ್ಲಿ ಜಾಬ್ ಅಲ್ಲಾಡೋದು ಕಣೋ. ನಾನೂ ಮೊದಲ ದಿನ ಕ್ರಿಕೆಟ್ ಅಂದ್ಕೊಂಡಿದ್ದೆ. ಫೋರ್‌ಮನ್‌ನ ಕೇಳಿದೆ, ಡಯಲ್ ಇಟ್ಟು ತೋರಿಸಿದ್ರು. ನೀನ್ಯಾಕೆ ಕೇಳ್ಲಿಲ್ಲ?’

ಕೇಳಿದರೆ ಕನ್ನಡ ಮೀಡಿಯಂ ಅಂತ ಗೊತ್ತಾಗುತ್ತಲ್ಲ ಅನ್ನೋ ನಾಚಿಕೆ. ಅಪ್ಪನಿಗೆ ಹೇಗೆ ಹೇಳಲಿ?

ಆಮೇಲೆ ಓದಿದೆ: ಆಕ್ಸ್‌ಫರ್ಡ್ ನಿಘಂಟಿನವರು 2011ರ ಹೊತ್ತಿಗೆ ಈ ಒಂದು ಕ್ರಿಯಾಪದಕ್ಕೆ ಲೆಕ್ಕ ಹಾಕಿದ ಅರ್ಥಗಳು 645! ನಮ್ಮ ‘ಹೊಡಿ’ ಏನು ಕಮ್ಮಿನಾ? ನಿದ್ದೆ ಹೊಡೀತೀವಿ, ಹರಟೆ ಹೊಡೀತೀವಿ, ಗೋಡೆಗೆ ಬಣ್ಣ ಹೊಡೀತೀವಿ. ಪಕ್ಕದ ಸೀಟಿನ ಒಡಿಶಾದ ಹುಡುಗ ‘ಈ ಹೊಡಿ ಯಾವ ಹೊಡಿ?’ ಅಂತ ದಿನಾ ಕೇಳ್ತಾನೆ. ಅವನಿಗೆ ನಾಚಿಕೆ ಇಲ್ಲ.

ಈಗ ನಾನೂ ಕೇಳ್ತೀನಿ.