ತುತ್ತೂರಿ ಊದಲು ಉಸಿರೆಲ್ಲಿ?

ಯಾರದೋ ತಲೆಗೂದಲ ಎಣ್ಣೆಯನ್ನು ಹೊಗಳಿ ಎಂದರೆ ನನ್ನ ಪೆನ್ನು ಸರಾಗವಾಗಿ ಓಡುತ್ತದೆ. ರೇಷ್ಮೆ ಸೀರೆ, ಚಿನ್ನ, ಹಪ್ಪಳ, ಸಾಂಬಾರು ಪುಡಿ, ಯಾವುದಾದರೂ ಸರಿ. ಚೆನ್ನೈನಲ್ಲಿ ಹುಟ್ಟುವ ಜಾಹೀರಾತು ಮೊದಲು ತಮಿಳಿನಲ್ಲಿ ಕಣ್ಣು ಬಿಟ್ಟು, ತೆಲುಗು, ಮಲಯಾಳ ಸುತ್ತಿ, ಕಡೆಗೆ ಮಿಕ್ಕ ಹೊತ್ತಿನಲ್ಲಿ ಕನ್ನಡಕ್ಕೆ ಬರುತ್ತದೆ. ಆ ಮಿಕ್ಕ ಹೊತ್ತೇ ನನ್ನ ಅನ್ನ. ಸಂಜೆ ಫೋನು ಬರುತ್ತದೆ: "ಸಾರ್, ರಾತ್ರಿನೇ ರೆಕಾರ್ಡಿಂಗ್. ಇಪ್ಪತ್ತು ಸೆಕೆಂಡಲ್ಲಿ ಕೂರಬೇಕು." ತೆರೆಯ ಮೇಲಿನ ಹುಡುಗಿ 'ಪಾರುಂಗ' ಎಂದು ತುಟಿ ಕೂಡಿಸಿರುತ್ತಾಳೆ. ಅಲ್ಲಿಗೆ 'ನೋಡಿ' ಎಂದರೆ ಬಾಯಿ ಒಂದು ಕಡೆ, ಮಾತು ಒಂದು ಕಡೆ. 'ಬನ್ನಿ' ಎಂದು ಸೇರಿಸಿ, ಮಿಕ್ಕ ವಾಕ್ಯವನ್ನು ಅದಕ್ಕೆ ತಕ್ಕಂತೆ ಬಗ್ಗಿಸುತ್ತೇನೆ. ಆಟೋ ಹಿಡಿದು ಸ್ಟುಡಿಯೋ ಮುಟ್ಟುವುದರೊಳಗೆ ಕೆಲಸ ಮುಗಿದಿರುತ್ತದೆ.

ನನ್ನ ಬಗ್ಗೆ ನಾಲ್ಕು ಸಾಲು ಬರೆಯಬೇಕಾದಾಗ ಮಾತ್ರ ಕೈ ಮರಗಟ್ಟುತ್ತದೆ. 'ಅನುಭವಿ' ಎಂದರೆ ವಯಸ್ಸಾಯಿತು ಅಂದುಕೊಂಡಾರು, 'ಕೈಗೆಟುಕುವ ದರ' ಎಂದರೆ ಚೌಕಾಸಿಗೆ ನಾನೇ ಚಾಪೆ ಹಾಸಿದಂತೆ. ನನ್ನವಳ ಸಲಹೆ: "ಎಣ್ಣೆಗೆ ಬರೆದದ್ದನ್ನೇ ಹಾಕ್ಕೊಳ್ಳಿ. ಬುಡದಿಂದ ಬಲ, ಜಿಡ್ಡಿಲ್ಲ, ಮೊದಲ ದಿನದಿಂದಲೇ ವ್ಯತ್ಯಾಸ!"

ಈ ಕಸುಬಿನ ಗ್ರಹಚಾರವೇ ಹಾಗೆ. ಕೆಲಸ ಇದ್ದಾಗ ಹೇಳಿಕೊಳ್ಳಲು ಪುರುಸೊತ್ತಿಲ್ಲ, ಇಲ್ಲದಾಗ ಮನಸ್ಸಿಲ್ಲ. ನಾಲ್ಕು ದಿನ ಫೋನು ಸುಮ್ಮನಿದ್ದರೆ, ಫೋನು ಮಾಡಿ 'ನಾನು ಇದ್ದೇನೆ' ಎನ್ನುವ ಧೈರ್ಯವನ್ನೂ ಆ ನಾಲ್ಕು ದಿನಗಳೇ ತಿಂದು ಹಾಕಿರುತ್ತವೆ.

ಅಂಥ ಧೈರ್ಯವಿದ್ದವರೂ ಇದ್ದರು: 'ಮಾಧವ ಕರುಣಾವಿಲಾಸ' ಕಾದಂಬರಿ ಬರೆದ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಅವರು ಹೊತ್ತ ಹೊರೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ನನಗೋ, ಬಾಗಿಲು ತಟ್ಟಿ 'ಇದು ನಾನೇ ಬರೆದದ್ದು, ಕೊಳ್ಳಿ' ಎನ್ನುವ ಆ ಮೊದಲ ಮಾತೇ ಗಂಟಿಗಿಂತ ಭಾರವಾಗಿತ್ತೇನೋ ಅನ್ನಿಸುತ್ತದೆ.

ಒಂದು ಕಾಲಕ್ಕೆ ಈ ಚೆನ್ನೈನಲ್ಲಿ ಆ ಮಾತು ಆಡದೆಯೇ ಬದುಕುವುದಕ್ಕೆ ಒಂದು ಜಾಗವಿತ್ತು. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ನಮ್ಮ ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ತೆರೆದದ್ದು. ಮರದ ನೆರಳಲ್ಲಿ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. ಕಾರಿಲ್ಲದ ನಮ್ಮಂಥವರು ಒಳಗೆ ಕೂರುತ್ತಿದ್ದೆವು. ಸಿನಿಮಾದವರು, ಮೆಡಿಕಲ್ ರೆಪ್‌ಗಳು, ವಿಮೆ ಏಜೆಂಟರು, ಅರ್ಧ ಕಥೆ ಹಿಡಿದ ಸಹಾಯಕ ನಿರ್ದೇಶಕರು. ಒಂದು ಕಾಫಿಗೆ ಅರ್ಧ ದಿನ ಕಳೆದರೂ ಏಳಿ ಎಂದವರಿಲ್ಲ. ಕೂತಿದ್ದೇ ಪ್ರಚಾರ. ಆಚೆ ಮೇಜಿನಿಂದ ಯಾರೋ "ಏನ್ರೀ, ಕೈ ಖಾಲಿ ಇದೆಯಾ?" ಎನ್ನುವರು. ಖಾಲಿ ಎಂದು ಕೂತ ಭಂಗಿಯೇ ಹೇಳುತ್ತಿತ್ತು. ನಾಚಿಕೆಗೆ ಅವಕಾಶವೇ ಇರಲಿಲ್ಲ, ಎಲ್ಲರೂ ಖಾಲಿಯೇ.

2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಅದೇ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಚೆಂದವಾಗಿದೆ, ಬೇಡ ಎನ್ನಲಾರೆ. ಗಿಡಗಳಿಗೆ ಹೆಸರಿನ ಫಲಕಗಳಿವೆ, ಪುಣ್ಯಕ್ಕೆ ಅವನ್ನು ಗಿಡಗಳೇ ಬರೆದುಕೊಳ್ಳಬೇಕಾಗಿಲ್ಲ.

ಈಗ ಎಲ್ಲರೂ ಫೋನಿನೊಳಗೆ ಕೂತಿದ್ದೇವೆ, ಅಲ್ಲಿ ಸುಮ್ಮನೆ ಕೂತರೆ ಇಲ್ಲವೆಂದೇ ಲೆಕ್ಕ. ದಿನಕ್ಕೊಂದು ರೀಲ್ ಹಾಕಬೇಕಂತೆ, ನಗುನಗುತ್ತಾ. ಡಿಸೆಂಬರ್ ಬಂದರೆ ನನಗಿಂತ ಪಾಡು ಪಡುವವರು ಎಳೆಯ ಸಂಗೀತಗಾರರು. ಮ್ಯೂಸಿಕ್ ಅಕಾಡೆಮಿ 1928ರಲ್ಲಿ ಹುಟ್ಟಿದಂದಿನಿಂದ ಬೆಳೆದು ಬಂದ ಸಂಗೀತದ ಸೀಸನ್ನು ಇದು, ಊರ ತುಂಬ ಸಭಾಗಳು. ಸಂಜೆಯ ಕಚೇರಿ ಹೆಸರಾದವರಿಗೆ, ಮಧ್ಯಾಹ್ನದ್ದು ಹೊಸಬರಿಗೆ. ಪರಿಚಯದ ಹುಡುಗಿಯೊಬ್ಬಳು ವಾಟ್ಸಾಪಿನಲ್ಲಿ ಆಹ್ವಾನ ಕಳಿಸುತ್ತಾಳೆ: ರೇಷ್ಮೆ ಸೀರೆ, ತಂಬೂರಿ, ಕೆಳಗೆ 'ದಯವಿಟ್ಟು ಬನ್ನಿ ಅಂಕಲ್'. ಅಭ್ಯಾಸಕ್ಕೆ ಬೇಕಾದ ಗಂಟೆಗಳನ್ನು ಈ 'ದಯವಿಟ್ಟು'ಗಳೇ ನುಂಗಿರುತ್ತವೆ. ಅವಳ ಕಚೇರಿಯ ಹೊತ್ತಿಗೆ ಸಭಾದ ಕ್ಯಾಂಟೀನಿನಲ್ಲಿ ಎಲೆಗೆ ಕ್ಯೂ, ಒಳಗೆ ಸಭಾಂಗಣದಲ್ಲಿ ಅವಳ ಅಪ್ಪ-ಅಮ್ಮ, ಗುರುಗಳು, ಎಸಿಗೆಂದು ಬಂದು ನಿದ್ದೆ ಹೋದ ಮಾವಂದಿರು.

ಅಂಥ ಆಹ್ವಾನ ನಿಮಗೂ ಬಂದರೆ ಬರೀ ಹೆಬ್ಬೆರಳು ತೋರಿಸಿ ಮುಗಿಸಬೇಡಿ. ಹೋಗಿ ಮುಂದಿನ ಸಾಲಿನಲ್ಲಿ ಕೂತು, ಮಂಗಳ ಹಾಡುವವರೆಗೂ ಇದ್ದು ಬನ್ನಿ. ಕ್ಯಾಂಟೀನು ಸಂಜೆಗೂ ತೆರೆದಿರುತ್ತದೆ.