ಸಕ್ಕರೆಯೋ, ಜಿಡ್ಡೋ?

ಆರೋಗ್ಯಾಪೇಕ್ಷಿಯು ಸಕ್ಕರೆಯನ್ನು ಮಿತಗೊಳಿಸಬೇಕೋ, ಜಿಡ್ಡನ್ನೋ ಎಂಬ ಚರ್ಚೆಗೆ ಬೆಳಗಾವಿಯ ಕುಂದಾ ತಕ್ಕ ಉದಾಹರಣೆಯು. ಹಾಲನ್ನು ಬತ್ತಿಸಿ ಸಕ್ಕರೆ ಕೂಡಿಸಿದ ಈ ಭಕ್ಷ್ಯದಲ್ಲಿ ಎರಡೂ ಬೆರೆತಿರುವುವು. ಬರಿಯ ಸಕ್ಕರೆಯನ್ನಾಗಲಿ ಬರಿಯ ತುಪ್ಪವನ್ನಾಗಲಿ ಯಾರೂ ಬಹಳ ತಿನ್ನಲಾರರು. ಎರಡೂ ಕೂಡಿದಾಗ ನಾಲಗೆಯು ಮಿತಿಯನ್ನು ಮರೆಯುವುದು.

ಆದರೂ ಇವುಗಳ ಗುಣವು ಒಂದೇ ಅಲ್ಲ. ಒಂದು ಗ್ರಾಂ ಸಕ್ಕರೆಯು 4 ಕ್ಯಾಲರಿ ಶಕ್ತಿಯನ್ನು ಕೊಟ್ಟರೆ ಜಿಡ್ಡು 9 ಕ್ಯಾಲರಿ ಕೊಡುವುದು. ಆದರೆ ಜಿಡ್ಡಿಲ್ಲದೆ ಎ, ಡಿ, ಇ, ಕೆ ಜೀವಸತ್ವಗಳು ದೇಹಕ್ಕೆ ಸರಿಯಾಗಿ ದಕ್ಕವು. ಮೇಲೆ ಬೆರೆಸಿದ ಸಕ್ಕರೆಯನ್ನು ಬಿಟ್ಟರೆ ಯಾವ ನ್ಯೂನತೆಯೂ ಒದಗದು. ಆದುದರಿಂದ ಮೊದಲು ತಗ್ಗಿಸತಕ್ಕದ್ದು ಸಕ್ಕರೆಯೇ. 2000 ಕ್ಯಾಲರಿಯ ಆಹಾರಕ್ಕೆ ಅದು ದಿನಕ್ಕೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಲೇಸು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚನೆಯ ತಾತ್ಪರ್ಯವು. ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚೆ ಸಕ್ಕರೆಯ ಚಹಾ ಕುಡಿಯುವವನು ಚಹಾದಿಂದಲೇ 30 ಗ್ರಾಂ ದಾಟುವನು. ತುಪ್ಪವನ್ನಾದರೋ ತ್ಯಜಿಸಬೇಕಾಗಿಲ್ಲ, ಅಳೆದು ಬಡಿಸಿದರೆ ಸಾಕು.

ಚರಕಸಂಹಿತೆಯು ಪ್ರಮೇಹದ ಕಾರಣಗಳಲ್ಲಿ ಹಾಲು, ಮೊಸರು, ಬೆಲ್ಲದ ಪದಾರ್ಥಗಳೊಡನೆ ಕುಳಿತಿರುವ ಸುಖವನ್ನೂ ನಿದ್ರೆಯ ಸುಖವನ್ನೂ ಎಣಿಸಿರುವುದು. ಕ್ಯಾಂಪಿನ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಕವಾಯತು ಮಾಡುವ ಸಿಪಾಯಿಗೆ ಜೀರ್ಣವಾಗುವ ಕುಂದಾ, ದಿನವಿಡೀ ಗಾದಿಗೆ ಒರಗಿದ ಗೃಹಸ್ಥನಿಗೆ ಹೊರೆಯಾಗುವುದು. 2023ರಲ್ಲಿ ಪ್ರಕಟವಾದ ಗಣನೆಯಂತೆ ಭಾರತದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ. ಪ್ರತಿಯೊಂದು ಕುಟುಂಬವೂ ಯೋಚಿಸಬೇಕಾದ ಸಂಖ್ಯೆಯಿದು. ಹಬ್ಬಕ್ಕೆ ಕುಂದಾ ಇರಲಿ. ನಿತ್ಯದ ಚಹಾದಲ್ಲಿ ಒಂದು ಚಮಚೆ ಕಡಿಮೆಯಾಗಲಿ.