ಮುಚ್ಚಳದ ಕೆಳಗಿನ ಹೊಣೆ

ಊರಿನಿಂದ ನೆಂಟರು ಬಂದರೆ ಮನೆ ತೋರಿಸುವುದು ನಮ್ಮವರ ರೂಢಿ. ದೇವರಮನೆ, ಅಡುಗೆಮನೆ, ಮಹಡಿ, ಕುಂಡದಲ್ಲಿ ಬೆಳೆಸಿದ ಮಲ್ಲಿಗೆ, ಎಲ್ಲವನ್ನೂ ತೋರಿಸುತ್ತೇವೆ. ಹಿತ್ತಲಿನ ಸಿಮೆಂಟು ಮುಚ್ಚಳಗಳನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಓದುಗರು ಮೂಗು ಮುಚ್ಚಿಕೊಳ್ಳದೆ ಎರಡು ನಿಮಿಷ ಕೇಳಬೇಕು. ಇದು ಆ ಮುಚ್ಚಳಗಳ ಕೆಳಗಿನ ವಿಷಯ.

ಚೆನ್ನೈಯ ಹೊರವಲಯದಲ್ಲಿ ಸಾಲಸೋಲ ಮಾಡಿ ನಾವು ಮನೆ ಕಟ್ಟಿಕೊಂಡ ಬೀದಿಗೆ ದೀಪ ಬಂತು, ಡಾಂಬರು ಬಂತು. ಒಳಚರಂಡಿ ಇನ್ನೂ ಬಂದಿಲ್ಲ. ಆದ್ದರಿಂದ ಮನೆಗೊಂದು ಸೆಪ್ಟಿಕ್ ಟ್ಯಾಂಕು. ಅದರ ಕೆಲಸ ಸರಳ. ಕೊಳಚೆ ನೀರು ಒಂದೆರಡು ದಿನ ಅಲ್ಲಿ ನಿಲ್ಲುತ್ತದೆ. ಭಾರದ್ದು ತಳಕ್ಕಿಳಿದು ಹೂಳಾಗುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೂಳನ್ನು ಕರಗಿಸುತ್ತವೆ. ಆದರೆ ಪೂರ್ತಿ ಮುಗಿಸುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಸದಿದ್ದರೆ ಹೂಳು ನೀರಿನೊಡನೆ ಹೊರಟು ಇಂಗುಗುಂಡಿಯನ್ನು ಕಟ್ಟಿಬಿಡುತ್ತದೆ. ಪಕ್ಕದ ಬಾವಿಗೂ ಆಪತ್ತು. ಫಿನಾಯಿಲು, ಆಸಿಡ್ಡನ್ನು ಧಾರಾಳವಾಗಿ ಸುರಿದರೆ ಆ ಜೀವಿಗಳೇ ಸಾಯುತ್ತವೆ.

ಟ್ಯಾಂಕು ಹೇಗೆ ಕಟ್ಟಬೇಕೆಂದು ಭಾರತೀಯ ಮಾನಕ 2470 ಹೇಳುತ್ತದೆ. ಹೂಳನ್ನು ಲಾರಿಯಲ್ಲಿ ಹೀರಿ ಶುದ್ಧೀಕರಣ ಘಟಕಕ್ಕೆ ಒಯ್ಯಬೇಕೆಂದು ತಮಿಳುನಾಡು ಸರ್ಕಾರ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಡತದಲ್ಲಿ ಎಲ್ಲವೂ ಅಚ್ಚುಕಟ್ಟು.

ಕಳೆದ ಬೇಸಿಗೆಯಲ್ಲಿ ನಾವು ನಾಲ್ಕು ಮನೆಯವರು ಸೇರಿ ಒಬ್ಬ ಗುತ್ತಿಗೆದಾರನಿಗೆ ಲಾರಿ ತರಲು ಹೇಳಿದೆವು. ಆತ ಬಂದದ್ದು ಇಬ್ಬರು ಆಳು, ಹಗ್ಗ, ಬಕೆಟ್ಟುಗಳೊಂದಿಗೆ. ಓಣಿಗೆ ಲಾರಿ ನುಗ್ಗುವುದಿಲ್ಲ, ಇವರು ಇಳಿಯುತ್ತಾರೆ, ಖರ್ಚೂ ಕಡಿಮೆ ಎಂದು ತಮಿಳಿನಲ್ಲಿ ವಿವರಿಸಿದ. ನಾವು ಒಪ್ಪಲಿಲ್ಲ. ನಮ್ಮೊಳಗಿನ ಮಾತು ಕೇಳುತ್ತ ನಿಂತಿದ್ದ ಚಿಕ್ಕ ಆಳು ಕನ್ನಡದಲ್ಲೇ ಕೇಳಿದ: “ಇಳೀದಿದ್ರೆ ಇವತ್ತಿನ ಕೂಲಿ ಯಾರು ಕೊಡ್ತಾರೆ ಸಾರ್?”

ಕೋಲಾರದ ಕಡೆಯ ಹುಡುಗ. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಹಿಗ್ಗುವ ನಾವು ಅಂದು ಹಿಗ್ಗಲಾರದೆ ಹೋದೆವು.

ಬಿ.ಎಸ್ಸಿ. ಓದಿದವರಿಗೆ ಕಾಲೇಜಿನ ಕಿಪ್ ಉಪಕರಣವೂ ಅದರ ಕೊಳೆತ ಮೊಟ್ಟೆಯ ನಾತವೂ ನೆನಪಿರುತ್ತವೆ. ಅದೇ ಹೈಡ್ರೋಜನ್ ಸಲ್ಫೈಡು ಟ್ಯಾಂಕಿನಲ್ಲಿಯೂ ಹುಟ್ಟುತ್ತದೆ. ಪ್ರಮಾಣ ಏರಿದರೆ ಅದು ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಹೋಯಿತೆಂದು ಸಮಾಧಾನಪಡುವಷ್ಟರಲ್ಲಿ ಮನುಷ್ಯ ಉರುಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಉರುಳುತ್ತಾನೆ. ಜೊತೆಗೆ ಉರಿಯುವ ಮೀಥೇನ್ ಅನಿಲ ಬೇರೆ. ಬೆಂಕಿಕಡ್ಡಿ ಗೀರಿ ಒಳಗೆ ಇಣುಕಿ ನೋಡುವ ಸಾಹಸ ಯಾರಿಗೂ ಬೇಡ.

2013ರ ಕಾನೂನಿನ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಯಾರೂ ಇಳಿಸಕೂಡದು ಎಂದಿರುವುದರಿಂದ “ಗುತ್ತಿಗೆದಾರ ನೋಡಿಕೊಳ್ಳುತ್ತಾನೆ” ಎಂದು ಮನೆಯವರು ಕೈತೊಳೆದುಕೊಳ್ಳುವಂತಿಲ್ಲ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2014ರ ಆ ತೀರ್ಪಿಗೆ ಕಾರಣವಾದ ಅರ್ಜಿ ಸಫಾಯಿ ಕರ್ಮಚಾರಿ ಆಂದೋಲನದ್ದು. ಅದನ್ನು ಕಟ್ಟಿದವರಲ್ಲೊಬ್ಬರಾದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರ ಚಿನ್ನದ ಗಣಿಯಲ್ಲಿ.

ಇಬ್ಬರಿಗೂ ಅಂದಿನ ಕೂಲಿ ಕೊಟ್ಟು ಕಳಿಸಿದೆವು. ಮುಂದಿನ ಭಾನುವಾರ ಲಾರಿ ಬಂತು. ಓಣಿಯ ಬಾಯಲ್ಲೇ ನಿಂತು ಉದ್ದನೆಯ ಪೈಪು ಹಾಸಿ, ಮಧ್ಯಾಹ್ನದೊಳಗೆ ನಾಲ್ಕು ಟ್ಯಾಂಕನ್ನೂ ಹೀರಿ ಮುಗಿಸಿತು. ಖರ್ಚು ಹೆಚ್ಚಾಯಿತು, ನಿಜ. ಹಬ್ಬಕ್ಕೆ ಒಂದು ಸೀರೆ ಕಡಿಮೆ ಎಂದು ಮನೆಯಾಕೆಯೇ ಲೆಕ್ಕ ಮುಗಿಸಿದಳು.

ಹುಡುಗನ ಪ್ರಶ್ನೆ ಮಾತ್ರ ಮುಗಿದಿಲ್ಲ. ಒಂದು ದಿನದ ಕೂಲಿ ನಾವು ಕೊಟ್ಟೆವು, ಮರುದಿನದ್ದು? ಆ ಕಾನೂನಿನ ಹೆಸರಿನಲ್ಲೇ ನಿಷೇಧದ ಜೊತೆಗೆ ಪುನರ್ವಸತಿಯೂ ಇದೆ. ಮೊದಲನೆಯದನ್ನು ನಾವು ನಮ್ಮ ಹಿತ್ತಲಿನಲ್ಲೇ ಪಾಲಿಸಬಹುದು. ಎರಡನೆಯದನ್ನು ಸರ್ಕಾರವನ್ನು ಕೇಳುತ್ತಲೇ ಇರಬೇಕು.

ವಿಮೆಯ ಕಂತಿನ ಹಾಗೆ ಹೂಳು ತೆಗೆಸುವ ತಿಂಗಳನ್ನೂ ನಾವೀಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ನೀವೂ ಹಾಕಿಕೊಳ್ಳಿ. ಮಾತಿಗೆ ಬಂದವನ ಹತ್ತಿರ ದರ ಕೇಳುವ ಮೊದಲು “ಲಾರಿಯೋ, ಮನುಷ್ಯನೋ?” ಎಂದು ಕೇಳಿ.